ರಾತ್ರಿ ಉಳಿಯಲು ಬಂದವರು ಏನನ್ನೂ ಕೇಳಬೇಕಾಗಬಾರದು

ಮನೆಗೆ ಬಂದು ಒಂದೆರಡು ಗಂಟೆ ಕೂತು ಮಾತಾಡಿ ಹೋಗುವ ನೆಂಟರಿಗೂ ರಾತ್ರಿ ಉಳಿಯುವ ನೆಂಟರಿಗೂ ಬಹಳ ವ್ಯತ್ಯಾಸ ಇದೆ. ಹಗಲಲ್ಲಿ ಅವರಿಗೆ ಏನಾದರೂ ಬೇಕಾದರೆ ನಾವು ಎದುರಿಗೇ ಇರುತ್ತೇವೆ. ರಾತ್ರಿ ಹಾಗಲ್ಲ. ಒಂದು ಗಂಟೆಗೆ ಬಾಯಾರಿದರೆ, ಚಳಿಯಾದರೆ, ಬಚ್ಚಲಿನ ಸ್ವಿಚ್ ಎಲ್ಲಿದೆ ಅಂತ ತಿಳಿಯದೆ ಕತ್ತಲಲ್ಲಿ ಗೋಡೆ ತಡಕಾಡುವ ಹಾಗಾದರೆ, ಅವರು ನಮ್ಮನ್ನು ಎಬ್ಬಿಸುವುದಿಲ್ಲ. ಹೇಗೋ ಸಹಿಸಿಕೊಂಡು ಬೆಳಗಾಗಲಿ ಅಂತ ಕಾಯುತ್ತಾರೆ. ಬೆಳಿಗ್ಗೆ ನಾವು ಕೇಳಿದರೆ "ಒಳ್ಳೆ ನಿದ್ದೆ ಬಂತು" ಅಂತಲೇ ಹೇಳುತ್ತಾರೆ. ಹಾಗಾಗಿ ನಮಗೆ ಗೊತ್ತಾಗುವುದೇ ಇಲ್ಲ.

ಅದಕ್ಕೇ ನಾನು ಮನೆ ಸಿದ್ಧ ಮಾಡುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ನಾವೆಲ್ಲ ಮಲಗಿದ ಮೇಲೆ ಇವರಿಗೆ ಏನೇನು ಬೇಕಾಗಬಹುದು, ಅದು ಯಾರನ್ನೂ ಕೇಳದೆ ಕೈಗೆ ಸಿಗುತ್ತದಾ? ಮನೆ ಫಳಫಳ ಹೊಳೆಯಬೇಕು ಅನ್ನುವುದೆಲ್ಲ ಆಮೇಲಿನ ಮಾತು. ಶೋಕೇಸಿನ ಧೂಳು ಒರೆಸುತ್ತಾ ಅರ್ಧ ದಿನ ಕಳೆದು, ಕೊನೆಗೆ ದಿಂಬಿನ ಕವರ್ ಬದಲಾಯಿಸಲು ಪುರುಸೊತ್ತು ಸಿಗದೆ ಹೋದರೆ ಏನು ಬಂತು? ಬಂದವರು ಶೋಕೇಸನ್ನು ಒಂದು ಸಲ ನೋಡುತ್ತಾರೆ, ದಿಂಬಿನ ಮೇಲೆ ರಾತ್ರಿಯಿಡೀ ಮುಖ ಇಟ್ಟಿರುತ್ತಾರೆ. ಸಮಯ ಕಡಿಮೆ ಇದ್ದರೆ ಹಾಸಿಗೆ ಮತ್ತು ಬಚ್ಚಲು, ಇವೆರಡನ್ನೇ ಹಿಡಿಯಿರಿ. ಉಳಿದದ್ದು ಹಾಗೇ ಇರಲಿ, ಪರವಾಗಿಲ್ಲ.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಉಪಾಯ ಅಂದರೆ, ಅವರು ಬರುವ ಮೊದಲು ಒಂದು ರಾತ್ರಿ ಆ ಜಾಗದಲ್ಲಿ ನಾವೇ ಮಲಗಿ ನೋಡುವುದು. ಸುಮ್ನೆ ಐದು ನಿಮಿಷ ಒರಗಿ ಎದ್ದರೆ ಆಗಲ್ಲ, ದೀಪ ಆರಿಸಿ, ಬಾಗಿಲು ಹಾಕಿಕೊಂಡು, ಬೆಳಗಿನ ತನಕ ಮಲಗಬೇಕು. ಆಗ ಎಲ್ಲಾ ಹೊರಗೆ ಬರುತ್ತದೆ. ಫ್ಯಾನು ಎರಡನೇ ನಂಬರಿನಲ್ಲಿ ಕಟಕಟ ಅನ್ನುತ್ತದೆ, ಪರದೆಯ ಸಂದಿಯಿಂದ ಬೀದಿದೀಪ ಸರಿಯಾಗಿ ಕಣ್ಣಿಗೇ ಹೊಡೆಯುತ್ತದೆ, ಹಾಸಿಗೆಯ ನಡುವೆ ತಗ್ಗಾಗಿದೆ, ಚಿಲಕ ಗಟ್ಟಿಯಾಗಿದೆ, ಲೈಟ್ ಆರಿಸಬೇಕಾದರೆ ಮಂಚದಿಂದ ಎದ್ದು ಬಾಗಿಲ ತನಕ ನಡೆಯಬೇಕು, ಆರಿಸಿದ ಮೇಲೆ ಕತ್ತಲಲ್ಲಿ ವಾಪಸ್ ಬರುವಾಗ ಕಾಲಿಗೆ ಮಂಚದ ಮೂಲೆ ತಗಲುತ್ತದೆ. ವರ್ಷಗಟ್ಟಲೆ ಅದೇ ಮನೆಯಲ್ಲಿ ಇದ್ದರೂ ಇದೊಂದೂ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ನಾವು ಅಲ್ಲಿ ಮಲಗುವುದೇ ಇಲ್ಲ.

ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಸರಿಯಾಗಿ ಬರದೇ ಇರುವುದು ಬರೀ ಮನಸ್ಸಿನ ಭಾವನೆ ಅಲ್ಲ. ನಿದ್ದೆಯ ಬಗ್ಗೆ ಸಂಶೋಧನೆ ಮಾಡುವವರಿಗೆ ಇದು 1960ರ ದಶಕದಿಂದಲೇ ಗೊತ್ತು. ಪ್ರಯೋಗಾಲಯಕ್ಕೆ ಬಂದು ಮಲಗಿದವರ ಮೊದಲ ರಾತ್ರಿಯ ಲೆಕ್ಕವನ್ನು ಅವರು ಎಷ್ಟೋ ಸಲ ಪಕ್ಕಕ್ಕೇ ಇಡುತ್ತಾರೆ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಒಂದು ಕಾರಣವನ್ನೂ ತೋರಿಸಿದರು. ಹೊಸ ಜಾಗದಲ್ಲಿ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಆಳವಾಗಿ ನಿದ್ದೆಗೆ ಇಳಿಯುವುದಿಲ್ಲ, ಅದು ಒಂದು ರೀತಿ ಕಾವಲು ಕಾಯುತ್ತಿರುತ್ತದೆ, ವಿಚಿತ್ರ ಸದ್ದು ಕೇಳಿದರೆ ಬೇಗ ಎಚ್ಚರಿಸುತ್ತದೆ. ಅದೇ ಜಾಗದಲ್ಲಿ ಮತ್ತೆ ಮಲಗಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದ ಮೇಲೆ ನಾನು ಸದ್ದಿನ ಬಗ್ಗೆ ತುಂಬಾ ಗಮನ ಕೊಡಲು ಶುರು ಮಾಡಿದೆ. ಟಿಕ್ ಟಿಕ್ ಅನ್ನುವ ಗೋಡೆ ಗಡಿಯಾರವನ್ನು ಅವರು ಮಲಗುವ ಕೋಣೆಯಿಂದ ತೆಗೆದುಬಿಡುತ್ತೇನೆ. ಕಿರ್ ಅನ್ನುವ ಬಾಗಿಲಿನ ಕೀಲಿಗೆ ಎರಡು ಹನಿ ಎಣ್ಣೆ ಬಿಡುತ್ತೇನೆ. ಕಡಿಮೆ ಮಾಡಲು ಆಗದ ಸದ್ದುಗಳನ್ನು ಮೊದಲೇ ಹೇಳಿಬಿಡುತ್ತೇನೆ. "ಬೆಳಗಿನ ಜಾವ ನೀರಿನ ಮೋಟರ್ ಶುರುವಾಗುತ್ತೆ, ಗಾಬರಿಯಾಗಬೇಡಿ" ಅಂತ ಒಂದು ಮಾತು ಹೇಳಿದರೆ ಸಾಕು. ಯಾವ ಸದ್ದು ಅಂತ ಗೊತ್ತಿದ್ದರೆ ಮನುಷ್ಯ ಮಗ್ಗುಲು ಬದಲಾಯಿಸಿ ಮತ್ತೆ ಮಲಗುತ್ತಾನೆ. ಗೊತ್ತಿಲ್ಲದಿದ್ದರೆ ಎದ್ದು ಕೂರುತ್ತಾನೆ.

ಈಗ ಹಾಸಿಗೆ. ಒಗೆದು ಮಡಿಸಿ ಬೀರುವಿನಲ್ಲಿಟ್ಟ ಬೆಡ್‌ಶೀಟ್ ಇದೆಯಲ್ಲ, ಅದು ಒಗೆದದ್ದೇ ಆದರೂ ತಿಂಗಳುಗಟ್ಟಲೆ ಒಳಗಿದ್ದರೆ ಮುಗ್ಗಲು ವಾಸನೆ ಹಿಡಿದಿರುತ್ತದೆ. ನಮಗೆ ಆ ವಾಸನೆ ಅಭ್ಯಾಸವಾಗಿರುತ್ತದೆ, ಅವರಿಗೆ ಆಗಿರುವುದಿಲ್ಲ. ಅವರು ಬರುವ ಒಂದೆರಡು ದಿನ ಮೊದಲು ಇನ್ನೊಂದು ಸಲ ಒಗೆದುಬಿಡಿ. ಆಗುವುದಾದರೆ ಬಿಸಿ ನೀರಿನಲ್ಲಿ. ಹಾಸಿಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳುಹುಳುಗಳು ಇರುತ್ತವೆ, ನಮ್ಮ ಮೈಯಿಂದ ಉದುರುವ ಚರ್ಮದ ಚೂರುಗಳೇ ಅವಕ್ಕೆ ಆಹಾರ. ಅಸ್ತಮಾ, ಸೀನು, ಮೂಗು ಕಟ್ಟುವುದು ಇದ್ದವರಿಗೆ ಇವುಗಳಿಂದ ತೊಂದರೆ ಜಾಸ್ತಿ. 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆದರೆ ಸಾಯುತ್ತವೆ. ತಣ್ಣೀರಿನಲ್ಲಿ ಒಗೆದರೆ ಅಲರ್ಜಿ ತರುವ ಕಸ ಬಹುಪಾಲು ಹೋಗುತ್ತದೆ, ಹುಳುಗಳು ಮಾತ್ರ ಸಾಯುವುದಿಲ್ಲ. ಹಾಸಿಗೆಯನ್ನಂತೂ ಒಗೆಯಲು ಆಗಲ್ಲ, ಅದನ್ನು ಎತ್ತಿ ಚೆನ್ನಾಗಿ ಕೊಡವಿ ಬಿಸಿಲಿಗೆ ಹಾಕಿ. ಈ ಹುಳುಗಳಿಗೆ ತೇವ ಬೇಕು. ಒಣಗಿದಷ್ಟೂ ಒಳ್ಳೆಯದು. ಹಾಗೆ ಹಾಕುವಾಗ ಹೊಲಿಗೆಯ ಅಂಚುಗಳನ್ನೂ ಮಂಚದ ಸಂದುಗಳನ್ನೂ ಒಮ್ಮೆ ಟಾರ್ಚ್ ಹಿಡಿದು ನೋಡಿ. ತಿಗಣೆ ಇದ್ದರೆ ಅಲ್ಲೇ ಕಪ್ಪು ಚುಕ್ಕೆಗಳಾಗಿ ಗುರುತು ಬಿಟ್ಟಿರುತ್ತದೆ.

ನುಸಿಗುಳಿಗೆಯ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಗ್ಗು, ಕಂಬಳಿಗಳನ್ನು ನಾಫ್ತಲಿನ್ ಗುಳಿಗೆ ಹಾಕಿ ಎತ್ತಿಟ್ಟಿರುತ್ತೇವೆ, ನೆಂಟರು ಬಂದರು ಅಂತ ಆ ರಾತ್ರಿಯೇ ತೆಗೆದು ಕೊಟ್ಟುಬಿಡುತ್ತೇವೆ. ವಾಸನೆಗೆ ತಲೆನೋವು ಬರುವುದು ಒಂದು ಕಡೆ ಇರಲಿ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ. ಅಂಥ ಕೂಸುಗಳನ್ನು ನಾಫ್ತಲಿನ್ ಹಾಕಿಟ್ಟ ಬಟ್ಟೆಯಲ್ಲಿ ಸುತ್ತಿದರೆ ರಕ್ತದ ಕೆಂಪುಕಣಗಳು ಒಡೆದು ಜೀವಕ್ಕೇ ಅಪಾಯವಾಗಬಹುದು. ಎಷ್ಟೋ ತಂದೆತಾಯಿಗೆ ಮಗುವಿಗೆ ಈ ಕೊರತೆ ಇದೆ ಅಂತ ಗೊತ್ತೇ ಇರುವುದಿಲ್ಲ. ಹಾಗಾಗಿ ಗುಳಿಗೆ ಜೊತೆ ಇಟ್ಟಿದ್ದ ಯಾವುದನ್ನೂ ಒಗೆಯದೆ, ಗಾಳಿ ಬಿಸಿಲಿಗೆ ಹಾಕದೆ ಯಾರಿಗೂ ಹೊದೆಯಲು ಕೊಡಬೇಡಿ. ಕೂಸುಗಳ ಹತ್ತಿರವಂತೂ ಬೇಡವೇ ಬೇಡ.

ಕೂಸಿನ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ವರ್ಷ ತುಂಬದ ಮಗು ಬರುತ್ತಿದೆ ಅಂದರೆ ನಾವು ಪ್ರೀತಿಯಿಂದ ಸುತ್ತಲೂ ದಿಂಬು ಪೇರಿಸುತ್ತೇವೆ, ಮೆತ್ತನೆ ರಗ್ಗು ಹಾಸುತ್ತೇವೆ. ಮಕ್ಕಳ ವೈದ್ಯರು ಹೇಳುವುದು ಇದರ ಉಲ್ಟಾ. ಆ ವಯಸ್ಸಿನ ಮಗು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಬೇಕು, ಮುಖದ ಹತ್ತಿರ ದಿಂಬು, ಗೊಂಬೆ, ಸಡಿಲವಾದ ಹೊದಿಕೆ ಯಾವುದೂ ಇರಬಾರದು. ನೀವು ಪೇರಿಸಿದ್ದನ್ನು ಆ ತಾಯಿ ತೆಗೆದಿಟ್ಟರೆ ಬೇಜಾರು ಮಾಡಿಕೊಳ್ಳಬೇಡಿ. ಅಂಬೆಗಾಲಿಡುವ ಮಕ್ಕಳಿದ್ದರೆ ನೆಲಕ್ಕೆ ಮಂಡಿಯೂರಿ ಅವರ ಎತ್ತರಕ್ಕೆ ಇಳಿದು ಒಮ್ಮೆ ಮನೆ ನೋಡಿ. ಮಾತ್ರೆ, ಫಿನಾಯಿಲ್, ಸೋಪಿನ ಪುಡಿ ಎಲ್ಲಾ ಮೇಲಕ್ಕೆ ಹೋಗಲಿ. ಎಲ್ಲಕ್ಕಿಂತ ಮುಖ್ಯ, ರಿಮೋಟ್ ಮತ್ತು ಆಟಿಕೆಗಳಲ್ಲಿ ಇರುವ ನಾಣ್ಯದಂಥ ಬಟನ್ ಬ್ಯಾಟರಿ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗುತ್ತದೆ. ಮುಚ್ಚಳ ಸಡಿಲವಾದ ರಿಮೋಟನ್ನು ಕಣ್ಣಿಗೇ ಕಾಣದ ಹಾಗೆ ಎತ್ತಿಡಿ.

ದಿಂಬು ಕೊಡುವಾಗ ಒಬ್ಬರಿಗೆ ಎರಡು ಕೊಡಿ, ಒಂದು ತೆಳ್ಳಗಿನದು ಒಂದು ದಪ್ಪದ್ದು. ಮಗ್ಗುಲಾಗಿ ಮಲಗುವವರಿಗೆ ಭುಜದ ಎತ್ತರ ತುಂಬಲು ದಪ್ಪ ದಿಂಬು ಬೇಕು, ಬೋರಲು ಮಲಗುವವರಿಗೆ ತೆಳ್ಳಗಿನದೇ ಸಾಕು. ಯಾರು ಹೇಗೆ ಮಲಗುತ್ತಾರೆ ಅಂತ ಕೇಳುವುದೂ ಕಷ್ಟ, ಹೇಳುವುದೂ ಕಷ್ಟ. ಎರಡೂ ಇಟ್ಟುಬಿಟ್ಟರೆ ಮುಗೀತು. ಹೊದಿಕೆಯೂ ಹಾಗೇ. ಒಂದೇ ದಪ್ಪ ರಗ್ಗು ಕೊಡುವ ಬದಲು ತೆಳು ಹೊದಿಕೆ ಒಂದು, ದಪ್ಪದ್ದು ಒಂದು ಕಾಲ ಬಳಿ ಮಡಿಸಿಡಿ. ನಡುರಾತ್ರಿ ಬೇಕಾದರೆ ಎಳೆದುಕೊಳ್ಳುತ್ತಾರೆ, ಬೇಡವಾದರೆ ಒದ್ದು ತೆಗೆಯುತ್ತಾರೆ. ಗಂಡ ಹೆಂಡತಿ ಬಂದರೂ ಇಬ್ಬರಿಗೂ ಸೇರಿ ಒಂದೇ ಹೊದಿಕೆ ಕೊಡುವುದು ನನಗೆ ಸರಿ ಕಾಣಲ್ಲ. ಬೇರೆ ಬೇರೆ ಕೊಡಿ.

ರೂಮ್ ಫ್ರೆಶ್‌ನರ್ ಹೊಡೆಯಬೇಡಿ ಅನ್ನುವುದು ನನ್ನ ಕಟ್ಟುನಿಟ್ಟಾದ ಅಭಿಪ್ರಾಯ. ಕಿಟಕಿ ತೆರೆದು ಅರ್ಧ ದಿನ ಗಾಳಿಯಾಡಿಸಿದರೆ ಸಾಕು. ಕೆಲವರಿಗೆ ಘಾಟು ಪರಿಮಳದಿಂದಲೇ ಮೈಗ್ರೇನ್ ಶುರುವಾಗುತ್ತದೆ, ಅಸ್ತಮಾ ಇದ್ದವರಿಗೆ ಉಸಿರು ಹಿಡಿಯುತ್ತದೆ, ಮತ್ತೆ ಆ ವಾಸನೆಯನ್ನು ರಾತ್ರೋರಾತ್ರಿ ಹೊರಗೆ ಹಾಕಲು ಯಾರಿಂದಲೂ ಆಗಲ್ಲ.

ಬಚ್ಚಲಿಗೆ ಬರೋಣ. ತುಂಬಾ ದಿನ ಬಳಸದ ಬಚ್ಚಲು ಇದ್ದರೆ ಎಷ್ಟು ತಿಕ್ಕಿ ತೊಳೆದರೂ ಚರಂಡಿ ವಾಸನೆ ಬರುತ್ತಲೇ ಇರುತ್ತದೆ, ಅಲ್ವಾ? ಕಾರಣ ಕೊಳೆ ಅಲ್ಲ. ನೆಲದ ಜಾಲರಿಯ ಕೆಳಗೆ, ಸಿಂಕಿನ ಕೆಳಗೆ, ಬಾಗಿದ ಪೈಪಿನಲ್ಲಿ ಸದಾ ಸ್ವಲ್ಪ ನೀರು ನಿಂತಿರಬೇಕು. ಆ ನೀರೇ ಚರಂಡಿಯ ಗಾಳಿ ಮೇಲೆ ಬರದಂತೆ ತಡೆಯುವುದು. ಕೆಲವು ವಾರ ಯಾರೂ ನೀರು ಹಾಕದಿದ್ದರೆ ಅದು ಆರಿಹೋಗುತ್ತದೆ, ವಾಸನೆ ನೇರ ಒಳಗೆ ಬರುತ್ತದೆ. ಒಂದೆರಡು ಮಗ್ ನೀರು ಸುರಿದು ಒಂದು ಗಂಟೆ ಬಿಟ್ಟು ನೋಡಿ, ಬಹುತೇಕ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಹಾಗೇ ಬಹಳ ದಿನದಿಂದ ಮುಚ್ಚಿದ ನಲ್ಲಿ, ಶವರ್ ಇದ್ದರೆ ಕಿಟಕಿ ತೆರೆದು ಕೆಲವು ನಿಮಿಷ ನೀರು ಹರಿಯಲು ಬಿಡಿ. ಪೈಪಿನಲ್ಲಿ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು, ಶವರಿನ ಹನಿಯ ಜೊತೆ ಶ್ವಾಸಕೋಶಕ್ಕೆ ಹೋದರೆ ವಯಸ್ಸಾದವರಿಗೆ ನ್ಯುಮೋನಿಯಾ ತರಬಲ್ಲದು.

ಬಿಸಿ ನೀರಿನ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. 15 ಲೀಟರಿನ, 2000 ವಾಟ್‌ನ ಗೀಸರ್ ತಣ್ಣೀರನ್ನು ಸ್ನಾನಕ್ಕೆ ಆಗುವಷ್ಟು ಕಾಯಿಸಲು ಸುಮಾರು 20 ನಿಮಿಷ ತೆಗೆದುಕೊಳ್ಳುತ್ತದೆ. ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋದರೆ ಮೂರನೆಯವರಿಗೆ ತಣ್ಣೀರು ಗ್ಯಾರಂಟಿ. ಹಿಂದಿನ ರಾತ್ರಿಯೇ "ನಾಳೆ ನೀವು ಎಷ್ಟು ಹೊತ್ತಿಗೆ ಹೊರಡಬೇಕು" ಅಂತ ಕೇಳಿ, ಬೇಗ ಹೊರಡುವವರಿಗೆ ಮೊದಲು ಬಿಟ್ಟುಕೊಟ್ಟು, ಮನೆಯವರು ಕೊನೆಗೆ ಹೋಗುವುದು ಒಳ್ಳೆಯದು. ಗ್ಯಾಸ್ ಗೀಸರ್ ಇದ್ದರೆ ಇನ್ನೊಂದು ಮಾತು ತಪ್ಪದೆ ಹೇಳಬೇಕು. ಅದು ಉರಿಯುವಾಗ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ, ತಲೆ ಸುತ್ತಿ ಬಿದ್ದರೂ ಯಾಕೆ ಅಂತ ಗೊತ್ತಾಗಲ್ಲ. ಮನೆಯವರಿಗೆ ಕಿಟಕಿ ತೆಗೆದಿಡುವ ಅಭ್ಯಾಸ ಇರುತ್ತದೆ. ಬಂದವರು ಚಳಿ ಅಂತ ಮುಚ್ಚಿಬಿಡುತ್ತಾರೆ. ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಆಮೇಲೆ ಸ್ನಾನ ಮಾಡಿ ಅಂತ ಸ್ಪಷ್ಟವಾಗಿ ಹೇಳಿ. ಇಲ್ಲಿ ಸಂಕೋಚ ಬೇಡ.

ಟವೆಲ್, ಸೋಪು, ಒಂದು ಹೊಸ ಬ್ರಷ್, ಪೇಸ್ಟ್, ಬಾಚಣಿಗೆ ಇವನ್ನೆಲ್ಲ ಹಾಸಿಗೆಯ ಮೇಲೆ ಇಟ್ಟುಬಿಡಿ, ಆಗ ಇದು ತಮಗೇ ಅಂತ ಅವರಿಗೆ ಗೊತ್ತಾಗುತ್ತದೆ. ಬಚ್ಚಲಲ್ಲಿ ನೇತುಹಾಕಿದರೆ ಯಾರದೋ ಏನೋ ಅಂತ ಮುಟ್ಟುವುದಿಲ್ಲ. ಟವೆಲ್ ಹೊಸದಾದರೆ ಒಂದು ಸಲ ಒಗೆದು ಕೊಡಿ, ಹೊಸ ಟವೆಲ್ ನೀರು ಹೀರುವುದಿಲ್ಲ, ಮೈಗೆಲ್ಲ ನೂಲು ಅಂಟುತ್ತದೆ. ಸ್ಯಾನಿಟರಿ ಪ್ಯಾಡ್‌ಗಳನ್ನು ಬಚ್ಚಲಲ್ಲೇ ಕಣ್ಣಿಗೆ ಕಾಣುವ ಕಡೆ ಇಡಿ. ಪಕ್ಕದಲ್ಲಿ ಮುಚ್ಚಳದ ಕಸದ ಬುಟ್ಟಿಯೂ ಇರಲಿ. ಬುಟ್ಟಿ ಇಲ್ಲದೆ ಬಳಸಿದ್ದನ್ನು ಎಲ್ಲಿ ಹಾಕಬೇಕು ಅಂತ ತಿಳಿಯದೆ ಕಾಗದದಲ್ಲಿ ಸುತ್ತಿ ತಮ್ಮ ಬ್ಯಾಗಿನಲ್ಲೇ ಇಟ್ಟುಕೊಳ್ಳುವ ಹೆಣ್ಣುಮಕ್ಕಳಿದ್ದಾರೆ. ಇದು ಗಂಡಸರು ಮಾತ್ರ ಇರುವ ಮನೆಯವರೂ ನೆನಪಿಡಬೇಕಾದ ವಿಷಯ.

ಮಂಚದ ಪಕ್ಕ ಒಂದು ಸ್ಟೂಲ್ ಇರಲಿ. ಅದರ ಮೇಲೆ ಮುಚ್ಚಳ ಇರುವ ನೀರಿನ ಬಾಟಲಿ, ಲೋಟ. ಕೈಗೆ ಎಟುಕುವ ಹಾಗೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್. ಕನ್ನಡಕ, ಫೋನು, ಮಾತ್ರೆ ಇಡಲು ಜಾಗ ಇಲ್ಲದಿದ್ದರೆ ದಿಂಬಿನ ಕೆಳಗೆ ಇಡುತ್ತಾರೆ, ಬೆಳಿಗ್ಗೆ ಅದರ ಮೇಲೇ ಕೂರುತ್ತಾರೆ. ವೈಫೈ ಪಾಸ್‌ವರ್ಡನ್ನು ದಪ್ಪ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದಿಡಿ. ಈಗಿನ ರೌಟರ್‌ಗಳಲ್ಲಿ ಬಂದವರಿಗೆ ಅಂತಲೇ ಬೇರೆ ಗೆಸ್ಟ್ ನೆಟ್‌ವರ್ಕ್ ಮಾಡಬಹುದು, ಅದಕ್ಕೆ ಓದಲು ಸುಲಭವಾದ ಪಾಸ್‌ವರ್ಡ್ ಕೊಡಿ. ಸೂಟ್‌ಕೇಸ್ ಇಡಲು ಒಂದು ಬೆಂಚು ಅಥವಾ ಗಟ್ಟಿ ಕುರ್ಚಿ, ಬಟ್ಟೆ ನೇತುಹಾಕಲು ನಾಲ್ಕು ಮೊಳೆ ಅಥವಾ ಹ್ಯಾಂಗರ್. ಬಸ್ಸು ರೈಲಿನ ನೆಲದ ಮೇಲೆ ಉರುಳಿದ ಚಕ್ರದ ಸೂಟ್‌ಕೇಸನ್ನು ಹಾಸಿಗೆಯ ಮೇಲೆ ತೆರೆಯುವಂತಾಗಬಾರದು.

ವಯಸ್ಸಾದವರು ಬಂದಾಗ ನಾನು ಮೊದಲು ನೋಡುವುದು ಮಂಚದಿಂದ ಬಚ್ಚಲಿನ ತನಕದ ದಾರಿ. ರಾತ್ರಿ ಎರಡು ಮೂರು ಸಲ ಅವರು ಏಳುತ್ತಾರೆ. ಆ ದಾರಿಯಲ್ಲಿ ಜಾರುವ ಕಾಲೊರಸು, ಅಡ್ಡ ಬಿದ್ದ ವೈರು, ಆಟಿಕೆ, ಟೀಪಾಯಿ ಯಾವುದೂ ಇರಬಾರದು. ಒಂದು ಸಣ್ಣ ದೀಪ ರಾತ್ರಿಯಿಡೀ ಉರಿಯಲಿ, ಬಿಳಿ ಬೆಳಕಿಗಿಂತ ಹಳದಿ ಬೆಳಕಿನದು ಇಡಿ. ನೀಲಿ ಅಂಶ ಜಾಸ್ತಿ ಇರುವ ಬೆಳಕು ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ, ಕಣ್ಣಿಗೆ ಹೊಡೆದರೆ ಬಂದ ನಿದ್ದೆಯೂ ಹಾರಿಹೋಗುತ್ತದೆ. ಮಂಡಿನೋವು ಇದ್ದವರಿಗೆ ನೆಲದ ಮೇಲೆ ಹಾಸಿಗೆ ಹಾಕಲೇಬಾರದು. ಮಂಚ ಒಂದೇ ಇದ್ದರೆ ನಮ್ಮದನ್ನೇ ಬಿಟ್ಟುಕೊಟ್ಟು ನಾವು ಕೆಳಗೆ ಮಲಗೋಣ. ಅವರು "ಬೇಡಪ್ಪಾ, ನನಗೆ ಎಲ್ಲಾದರೂ ಆಗುತ್ತೆ" ಅನ್ನುತ್ತಾರೆ, ಆದರೂ ಬಿಡಬೇಡಿ.

ಬೇರೆ ಕೋಣೆ ಇಲ್ಲದ ಮನೆಗಳೇ ಜಾಸ್ತಿ. ನಮ್ಮದೂ ಹಾಗೇ, ನೆಂಟರು ಮಲಗುವುದು ಹಾಲ್‌ನಲ್ಲಿ. ಹಾಲ್‌ನಲ್ಲಿ ಮಲಗಿದವರ ನಿಜವಾದ ಕಷ್ಟ ಹಾಸಿಗೆಯದಲ್ಲ. ಮನೆಯವರೆಲ್ಲ ಟಿವಿ ಆರಿಸುವ ತನಕ ಅವರು ಮಲಗುವ ಹಾಗಿಲ್ಲ, ಬೆಳಿಗ್ಗೆ ಮೊದಲು ಎದ್ದವರು ಲೈಟ್ ಹಾಕಿದರೆ ಅವರೂ ಏಳಬೇಕು, ಬಟ್ಟೆ ಬದಲಾಯಿಸಲು ಬಚ್ಚಲಿಗೇ ಹೋಗಬೇಕು. ಅದಕ್ಕೆ ನಾವು ಹತ್ತು ಗಂಟೆಗೆಲ್ಲ ಹಾಲ್ ಖಾಲಿ ಮಾಡಿ ಒಳಗೆ ಹೋಗುತ್ತೇವೆ, ನಿದ್ದೆ ಬರಲಿ ಬಿಡಲಿ. ಒಂದು ತಂತಿ ಎಳೆದು ಪರದೆ ಹಾಕಿದ್ದೇವೆ. ಬೆಳಿಗ್ಗೆ ಬೇಕಾಗುವ ನೀರಿನ ಬಾಟಲಿ, ಚಪ್ಪಲಿ, ಬೀಗದ ಕೈ, ಹಾಲ್‌ನಲ್ಲಿ ಇರುವುದನ್ನೆಲ್ಲ ಹಿಂದಿನ ರಾತ್ರಿಯೇ ಒಳಗೆ ತಂದಿಟ್ಟುಕೊಳ್ಳುತ್ತೇವೆ. ಮಿಕ್ಸಿ ಹಾಕುವ ಕೆಲಸ ಇದ್ದರೆ ಅದೂ ರಾತ್ರಿಯೇ ಮುಗಿಯುತ್ತದೆ.

ಬರುವ ಮೊದಲು ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಕೆಲವೇ ಕೆಲವು. ಯಾವುದಾದರೂ ತಿನ್ನಬಾರದ್ದು, ಅಲರ್ಜಿಯಾಗುವಂಥದ್ದು ಇದೆಯಾ, ಎಷ್ಟು ಹೊತ್ತಿಗೆ ಬರುತ್ತೀರಿ, ಎಷ್ಟು ಹೊತ್ತಿಗೆ ಹೊರಡುತ್ತೀರಿ. ಮನೆಯಲ್ಲಿ ಬೆಕ್ಕೋ ನಾಯಿಯೋ ಇದ್ದರೆ ಆಗಲೇ ಹೇಳಿ. ಬೆಕ್ಕನ್ನು ಆ ಒಂದು ದಿನ ಪಕ್ಕದ ಮನೆಗೆ ಕಳಿಸಿದರೆ ಸಾಲದು, ಅಲರ್ಜಿ ತರುವ ಅದರ ಅಂಶ ಸೋಫಾ, ಪರದೆ, ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಗೊತ್ತಿದ್ದರೆ ಅವರು ಮಾತ್ರೆಯಾದರೂ ತರುತ್ತಾರೆ. ಫ್ರಿಜ್‌ನಲ್ಲಿ ಒಂದು ಮೂಲೆ ಖಾಲಿ ಬಿಡಿ. ಇನ್ಸುಲಿನ್ ತೆಗೆದುಕೊಳ್ಳುವವರು ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರೀಜರ್ ಒಳಗೆ ಹೋಗಿ ಹೆಪ್ಪುಗಟ್ಟಿದರೆ ಅದು ಬಳಸಲು ಬರುವುದಿಲ್ಲ. ನಮ್ಮ ತುಂಬಿದ ಫ್ರಿಜ್ ನೋಡಿ ಕೇಳಲು ಸಂಕೋಚಪಟ್ಟು ಬ್ಯಾಗಿನಲ್ಲೇ ಇಟ್ಟುಕೊಳ್ಳುವವರಿದ್ದಾರೆ. "ಫ್ರಿಜ್‌ನಲ್ಲಿ ಈ ಜಾಗ ನಿಮಗೆ, ಔಷಧಿ ಏನಾದರೂ ಇದ್ದರೆ ಇಡಿ" ಅಂತ ನಾವೇ ಹೇಳಿಬಿಡಬೇಕು.

ಬಂದ ಸಂಜೆ, ಊಟಕ್ಕೆ ಮೊದಲು, ಮನೆಯನ್ನು ಒಂದು ಸುತ್ತು ತೋರಿಸಿ. ಅಲಂಕಾರ ತೋರಿಸಲು ಅಲ್ಲ. ಈ ಸ್ವಿಚ್ ಬಚ್ಚಲಿನದು, ಈ ನಲ್ಲಿಯಲ್ಲಿ ಬಿಸಿ ನೀರು, ಈ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು, ಲೋಟ ಇಲ್ಲಿ, ಕುಡಿಯುವ ನೀರು ಇಲ್ಲಿ, ಕರೆಂಟ್ ಹೋದರೆ ಟಾರ್ಚ್ ಇಲ್ಲಿ. ಆಮೇಲೆ ಅವರ ಕೈಯಲ್ಲೇ ಒಂದು ಸಲ ಆ ಚಿಲಕ ಹಾಕಿಸಿ ತೆಗೆಸಿ. ನೋಡಿದ್ದು ಮರೆತುಹೋಗುತ್ತದೆ, ಕೈಯಾರೆ ಮಾಡಿದ್ದು ಕತ್ತಲಲ್ಲೂ ನೆನಪಿರುತ್ತದೆ. ಮತ್ತೆ ಅವರಿಗೆ ಬೇಗ ಮಲಗಲು ಬಿಡಿ. ದೂರದಿಂದ ಬಂದವರನ್ನು ಹನ್ನೆರಡು ಗಂಟೆಯ ತನಕ ಕೂರಿಸಿ ಮಾತಾಡಿಸುವುದು ನಮಗೆ ಸಂತೋಷ, ಅವರಿಗೆ ಕಣ್ಣು ಎಳೆಯುತ್ತಿರುತ್ತದೆ. "ನೀವು ಮಲಗಿಕೊಳ್ಳಿ, ನಾಳೆ ಮಾತಾಡೋಣ" ಅಂತ ಮನೆಯವರು ಹೇಳಿದರೆ ಮಾತ್ರ ಅವರು ಏಳಬಲ್ಲರು, ಅವರಾಗಿ ಹೇಳಲಾರರು.

ಬೆಳಿಗ್ಗೆ ಅವರು ಏಳುವ ತನಕ ಏಳಿಸಬೇಡಿ, ಬಸ್ಸಿಗೋ ರೈಲಿಗೋ ಹೊತ್ತಾಗದಿದ್ದರೆ. ಎದ್ದ ತಕ್ಷಣ ಹಾಸಿಗೆ ಸುತ್ತಲು ಓಡಬೇಡಿ. "ನಿದ್ದೆ ಬಂತಾ" ಅಂತ ಕೇಳಿದರೆ ನಿಜವಾದ ಉತ್ತರ ಸಿಗುವುದಿಲ್ಲ ಅಂತ ಮೊದಲೇ ಹೇಳಿದೆನಲ್ಲ. ನಾನು ಬೇರೆ ರೀತಿ ಕೇಳುತ್ತೇನೆ. "ಇವತ್ತು ರಾತ್ರಿ ಫ್ಯಾನ್ ಕಡಿಮೆ ಮಾಡಲಾ, ದಿಂಬು ಬದಲಾಯಿಸಲಾ?" ಹೀಗೆ ಒಂದೊಂದಾಗಿ ಹೆಸರು ಹಿಡಿದು ಕೇಳಿದರೆ "ಹೂಂ, ದಿಂಬು ಸ್ವಲ್ಪ ಎತ್ತರ ಆಯ್ತು" ಅಂತ ಮಾತು ಹೊರಗೆ ಬರುತ್ತದೆ. ಅದನ್ನು ಫೋನಿನಲ್ಲಿ ಅವರ ಹೆಸರಿನ ಪಕ್ಕ ಬರೆದಿಟ್ಟುಕೊಳ್ಳುತ್ತೇನೆ. ಮುಂದಿನ ಸಲ ಅವರು ಬರುವ ಹೊತ್ತಿಗೆ ತೆಳ್ಳನೆ ದಿಂಬೇ ಇಟ್ಟಿರುತ್ತೇನೆ.

ಹೊರಡುವಾಗ ಬಚ್ಚಲಿನ ಬಾಗಿಲ ಹಿಂದೆ, ಮಂಚದ ಕೆಳಗೆ, ಪ್ಲಗ್ ಪಾಯಿಂಟಿನಲ್ಲಿ, ಫ್ರಿಜ್‌ನಲ್ಲಿ ಅವರ ಜೊತೆಗೇ ಒಮ್ಮೆ ನೋಡಿ. ಮರೆತುಹೋಗುವುದು ಬಹುತೇಕ ಚಾರ್ಜರ್, ಒಣಹಾಕಿದ ಬಟ್ಟೆ, ಔಷಧಿ. ಅವರು ಹೋದ ಮೇಲೆ ಬೆಡ್‌ಶೀಟ್ ತೆಗೆದು ಒಗೆಯಲು ಹಾಕಿ, ಹಾಸಿಗೆಯನ್ನು ಅರ್ಧ ದಿನ ಹಾಗೇ ತೆರೆದಿಟ್ಟು, ಬೆವರಿನ ತೇವ ಆರಿದ ಮೇಲೆ ಮುಚ್ಚಿ.